ಮರೆವಿನ ರೋಗ: ಪ್ರಶ್ನೆ ಕೇಳುವ ಅಧಿಕಾರ ಯಾರದು?

ಜ್ಞಾನವು ಆತ್ಮನ ಸ್ವಭಾವ ಎಂಬುದು ಜೈನ ದರ್ಶನದ ಮೂಲಭೂತ ನಿಲುವು. ಜ್ಞಾನಾವರಣೀಯ ಕರ್ಮವು ಆ ಜ್ಞಾನವನ್ನು ಮುಸುಕಬಲ್ಲದು, ಆದರೆ ಅಳಿಸಲಾರದು. ಮೋಡ ಕವಿದ ಮಾತ್ರಕ್ಕೆ ಸೂರ್ಯನು ಇಲ್ಲವಾಗುವುದಿಲ್ಲ. ಈ ತತ್ತ್ವವನ್ನು ಪ್ರವಚನದಲ್ಲಿ ಕೇಳಿ ತಲೆದೂಗುವುದು ಸುಲಭ. ಮನೆಯ ಹಿರಿಯರೊಬ್ಬರು ಹೆತ್ತ ಮಗನ ಹೆಸರನ್ನೇ ಮರೆತಾಗ, ದಿನವೂ ನಡೆದ ಬಸದಿಯ ದಾರಿಯಲ್ಲಿ ದಿಕ್ಕು ತಪ್ಪಿ ನಿಂತಾಗ, ಅದನ್ನು ನಂಬಿ ನಡೆದುಕೊಳ್ಳುವುದು ಕಠಿಣ.

ಇಂತಹ ಮನೆಗಳಲ್ಲಿ ಹುಟ್ಟುವ ಪ್ರಶ್ನೆಗಳು ಪ್ರಯೋಗಾಲಯದಲ್ಲಿ ಹುಟ್ಟುವ ಪ್ರಶ್ನೆಗಳಂತಲ್ಲ. ಜೀವಮಾನವೆಲ್ಲ ಸೂರ್ಯಾಸ್ತದ ಅನಂತರ ಆಹಾರ ಮುಟ್ಟದ ಅನಸ್ತಮಿತ ವ್ರತಧಾರಿಯಾದ ವೃದ್ಧೆಯು, ಮರೆವಿನ ರೋಗಕ್ಕೆ ತುತ್ತಾದ ಮೇಲೆ, ರಾತ್ರಿ ಎಂಟು ಗಂಟೆಗೆ ಹಸಿವೆಂದು ಅಳುತ್ತಾಳೆ. ಸಂಜೆ ಉಂಡದ್ದು ಅವಳಿಗೆ ನೆನಪಿಲ್ಲ. ವ್ರತ ಹಿಡಿದದ್ದೂ ನೆನಪಿಲ್ಲ. ಸೊಸೆ ಏನು ಮಾಡಬೇಕು? ಅತ್ತೆಯ ವ್ರತವನ್ನು ಕಾಯಬೇಕೇ, ಅತ್ತೆಯ ಹಸಿವನ್ನು ತಣಿಸಬೇಕೇ? ಈ ರೋಗದಲ್ಲಿ ಹೊತ್ತು ಮುಳುಗುವ ವೇಳೆಗೆ ತಳಮಳ, ಗೊಂದಲಗಳು ಹೆಚ್ಚುವುದುಂಟೆಂದು ವೈದ್ಯರು ಹೇಳುತ್ತಾರೆ. ಜೈನರ ಅಡುಗೆಮನೆ ಮುಚ್ಚುವುದೂ ಅದೇ ಹೊತ್ತಿಗೆ. ಊಟದ ವೇಳೆಯನ್ನು ಬದಲಿಸಿದರೆ ಈ ತಳಮಳ ತಗ್ಗುವುದೇ? ಹಗಲಿನ ಆಹಾರವನ್ನು ಯಾವ ರೀತಿ ಹಂಚಿದರೆ ರಾತ್ರಿ ಹಸಿವು ಕಾಡದು? ಇವು ವಿಜ್ಞಾನದ ಪ್ರಶ್ನೆಗಳೇ. ಆದರೆ ಆ ಸೊಸೆಯನ್ನು ಕೇಳದ ಹೊರತು ಯಾವ ವಿಜ್ಞಾನಿಗೂ ಇವು ಹೊಳೆಯುವ ಸಂಭವ ಕಡಿಮೆ.

ಒಂದು ರೋಗದ ಬಗೆಗೆ ಸಂಶೋಧನೆ ನಡೆಯಬೇಕೆಂದಾಗ ಯಾವ ಪ್ರಶ್ನೆಗೆ ಮೊದಲು ಉತ್ತರ ಹುಡುಕಬೇಕು, ಅದನ್ನು ನಿರ್ಧರಿಸುವವರು ಯಾರು ಎಂಬುದು ಆಡಳಿತದ ವಿಷಯವಾಗಿ ಕಾಣುತ್ತದೆ. ವಾಸ್ತವದಲ್ಲಿ ಅದು ನೀತಿಯ ವಿಷಯ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳನ್ನು ಶತಮಾನಗಳಿಂದ ನಡೆಸಿಕೊಂಡು ಬಂದ ಸಮಾಜಕ್ಕೂ ಬಸದಿಗಳ ವಿಶ್ವಸ್ಥ ಮಂಡಳಿಗಳಿಗೂ ಅದು ನೇರವಾಗಿ ಸಂಬಂಧಿಸಿದ್ದು. ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳನ್ನು ಕಣ್ಣ ಮುಂದಿರಿಸಿಕೊಂಡು ಈ ಪ್ರಶ್ನೆಯನ್ನು ವಿಚಾರಿಸುವುದು ಉಚಿತ. ರಾಜಧಾನಿಯಿಂದ ಬಹು ದೂರವಿರುವ ಇಂತಹ ನೆಲದಲ್ಲಿ ಈ ಪ್ರಶ್ನೆಯ ತೀಕ್ಷ್ಣತೆ ಸ್ಪಷ್ಟವಾಗಿ ಗೋಚರಿಸುತ್ತದೆ.

ರೋಗದ ವ್ಯಾಪ್ತಿ

ಮಿದುಳಿನ ನರಕೋಶಗಳು ಕ್ರಮೇಣ ಕ್ಷಯಿಸುವ ರೋಗಗಳಲ್ಲಿ ಅಲ್ಝೈಮರ್ ರೋಗವೂ ಪಾರ್ಕಿನ್ಸನ್ ರೋಗವೂ ಮುಖ್ಯವಾದವು. ಮೊದಲನೆಯದನ್ನು ಜರ್ಮನಿಯ ವೈದ್ಯ ಅಲೋಯ್ಸ್ ಅಲ್ಝೈಮರ್ 1906ರಲ್ಲಿ ವಿವರಿಸಿದನು. ನೆನಪು, ಮಾತು, ವಿವೇಚನೆಗಳು ಕುಂದಿ ದಿನನಿತ್ಯದ ವ್ಯವಹಾರಕ್ಕೇ ಪರಾಧೀನತೆ ಬರುವ ಸ್ಥಿತಿಯನ್ನು ವೈದ್ಯರು ಡಿಮೆನ್ಷಿಯಾ ಎನ್ನುತ್ತಾರೆ. ಅದಕ್ಕೆ ಕಾರಣವಾಗುವ ರೋಗಗಳಲ್ಲಿ ಅಲ್ಝೈಮರ್ ಪ್ರಧಾನವಾದದ್ದು. ಕನ್ನಡ ನಾಡಿನಲ್ಲಿ ಇದನ್ನು ಬಹುಕಾಲ ರೋಗವೆಂದೇ ಎಣಿಸಲಿಲ್ಲ. ‘ಅರವತ್ತಕ್ಕೆ ಅರಳು ಮರಳು’ ಎಂದು ನಕ್ಕು ಸುಮ್ಮನಾಗುವುದು ರೂಢಿ. 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದರ ಅಂದಾಜಿನಂತೆ ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇಕಡಾ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ಸ್ಥಿತಿಯಿದೆ. ಪುರುಷರಿಗಿಂತ ಸ್ತ್ರೀಯರಲ್ಲಿ, ನಗರಗಳಿಗಿಂತ ಗ್ರಾಮಗಳಲ್ಲಿ ಇದರ ಪ್ರಮಾಣ ಹೆಚ್ಚೆಂದು ಅದೇ ಅಧ್ಯಯನ ತೋರಿಸಿದೆ. ಆದುದರಿಂದ ಇದನ್ನು ಪಟ್ಟಣದ ಅನುಕೂಲಸ್ಥರ ರೋಗವೆಂದು ಭಾವಿಸುವುದು ತಪ್ಪು.

ಕಾರವಾರದಲ್ಲಿ 2016ರಿಂದ ಸರಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇದೆ. ಆದರೂ ವಿಶೇಷ ಚಿಕಿತ್ಸೆ ಬೇಕಾದಾಗ ಇಲ್ಲಿಯ ಜನರು ಗೋವೆಯ ಬಾಂಬೋಳಿಗೋ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗುವುದು ಹಳೆಯ ಪದ್ಧತಿ. ನರರೋಗಗಳಿಗೆ ನಾಡಿನ ಪ್ರಮುಖ ಕೇಂದ್ರವಾದ ನಿಮ್ಹಾನ್ಸ್ ಸುಮಾರು 500 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿದೆ. ಅಪರಿಚಿತ ಸ್ಥಳದಲ್ಲಿ ಬೆದರುವ, ರಾತ್ರಿ ಬಸ್ಸಿನಲ್ಲಿ ಎದ್ದು ನಡೆಯಲು ಹೊರಡುವ ರೋಗಿಯನ್ನು ಅಷ್ಟು ದೂರ ಕರೆದೊಯ್ಯುವುದು ಎಂತಹ ಸಾಹಸವೆಂಬುದನ್ನು ಅನುಭವಿಸಿದವರೇ ಬಲ್ಲರು. ನಿಮ್ಹಾನ್ಸ್ ಸಹಯೋಗದಿಂದ 2022ರಲ್ಲಿ ಆರಂಭವಾದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮವು ಮೊದಲು ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಕಾಲೂರಿ, ತರುವಾಯ ಉಳಿದ ಜಿಲ್ಲೆಗಳತ್ತ ಹೆಜ್ಜೆಯಿಟ್ಟದ್ದು ಆಶಾದಾಯಕ. ಆದರೆ ಚಿಕಿತ್ಸಾಲಯವು ಹತ್ತಿರ ಬರುವುದು ಒಂದು, ಸಂಶೋಧನೆಯಲ್ಲಿ ಜನರ ಪ್ರಶ್ನೆಗೆ ಸ್ಥಾನ ದೊರೆಯುವುದು ಮತ್ತೊಂದು.

ಪ್ರಶ್ನೆಗಳನ್ನು ಆರಿಸುವವರು

ಸಂಶೋಧನೆಯ ಪ್ರಶ್ನೆಗಳನ್ನು ಸಾಮಾನ್ಯವಾಗಿ ಮೂವರು ಆರಿಸುತ್ತಾರೆ: ವಿಜ್ಞಾನಿ, ಔಷಧ ಕಂಪನಿ ಮತ್ತು ಹಣ ಕೊಡುವವರು. ಮೂವರಿಗೂ ತಮ್ಮದೇ ಆದ ಸಕಾರಣಗಳಿವೆ. ವಿಜ್ಞಾನಿಗೆ ಮೂಲಕಾರಣವನ್ನು ಅರಿಯುವ ಹಂಬಲ. ಕಂಪನಿಗೆ ಮಾರಬಹುದಾದ ಔಷಧದ ಚಿಂತೆ. ದಾನಿಗೆ ಶಾಶ್ವತವಾದುದೊಂದನ್ನು ಕಟ್ಟುವ ಆಸೆ. ದಾನಿಗಳ ಪಾತ್ರವನ್ನು ಕರ್ನಾಟಕವೇ ಕಂಡಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಮಿದುಳು ಸಂಶೋಧನಾ ಕೇಂದ್ರವನ್ನು ಸ್ಥಾಪಿಸಲು ಪ್ರತೀಕ್ಷಾ ಟ್ರಸ್ಟ್ 2014ರಲ್ಲಿ 225 ಕೋಟಿ ರೂಪಾಯಿಗಳನ್ನು ನೀಡಲು ಮುಂದಾಯಿತು. ಆ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ವರ್ಷ ದಾಟಿದ 10,000 ಗ್ರಾಮಸ್ಥರನ್ನು ವರ್ಷಗಟ್ಟಲೆ ಅನುಸರಿಸಿ ನೋಡುವ ಅಧ್ಯಯನವನ್ನು ಕೈಗೊಂಡಿದೆ. ಕನ್ನಡ ನಾಡಿನ ಹಳ್ಳಿಗರ ವಾರ್ಧಕ್ಯವು ಹೀಗೆ ವಿಜ್ಞಾನದ ಗಮನಕ್ಕೆ ಬಂದದ್ದು ದಾನದ ಫಲವೇ. ದಾನಕ್ಕೆ ಇಷ್ಟು ಶಕ್ತಿಯಿದ್ದಾಗ ದಾನ ಮಾಡುವವರ ವಿವೇಕದ ಹೊಣೆಯೂ ಅಷ್ಟೇ ದೊಡ್ಡದು.

ಈ ಮೂವರ ಆಯ್ಕೆಗೂ ರೋಗಿಗಳ ಅಗತ್ಯಕ್ಕೂ ಅಂತರವಿರಬಹುದೆಂಬುದು ಊಹೆಯ ಮಾತಲ್ಲ. 2000ದಲ್ಲಿ ಬ್ರಿಟನ್ನಿನಲ್ಲಿ ಮೊಣಕಾಲಿನ ಸಂಧಿವಾತದ ಬಗ್ಗೆ ಪ್ರಕಟವಾದ ಅಧ್ಯಯನವು ಇದನ್ನು ತೋರಿಸಿಕೊಟ್ಟಿತು. ಸಂಶೋಧನೆಗಳ ಬಹುಪಾಲು ಔಷಧ ಮತ್ತು ಶಸ್ತ್ರಚಿಕಿತ್ಸೆಗೆ ಸಂಬಂಧಿಸಿದ್ದವು. ರೋಗಿಗಳಾದರೋ ವ್ಯಾಯಾಮ, ತಿಳಿವಳಿಕೆ, ನಿತ್ಯದ ನಿರ್ವಹಣೆಯ ಬಗೆಗೂ ಅರಿಯಬಯಸಿದ್ದರು. ಇಂತಹ ಅಂತರವನ್ನು ತಗ್ಗಿಸಲು 2004ರಲ್ಲಿ ಅಲ್ಲಿ ಜೇಮ್ಸ್ ಲಿಂಡ್ ಅಲೈಯನ್ಸ್ ಎಂಬ ವ್ಯವಸ್ಥೆ ಹುಟ್ಟಿತು. ರೋಗಿಗಳು, ಆರೈಕೆ ಮಾಡುವ ಬಂಧುಗಳು ಮತ್ತು ವೈದ್ಯರು ಸಮಾನರಾಗಿ ಕುಳಿತು, ಉತ್ತರವಿಲ್ಲದ ಪ್ರಶ್ನೆಗಳನ್ನು ಸಂಗ್ರಹಿಸಿ, ಅವುಗಳಲ್ಲಿ ಮುಖ್ಯವಾದ ಹತ್ತನ್ನು ಆರಿಸುವುದು ಅದರ ಕ್ರಮ.

ಡಿಮೆನ್ಷಿಯಾ ಕುರಿತು ಬ್ರಿಟನ್ನಿನಲ್ಲಿ ಹೀಗೆ ಕೇಳಿದಾಗ ಸುಮಾರು 1,500 ಜನರಿಂದ 4,000ಕ್ಕೂ ಹೆಚ್ಚು ಪ್ರಶ್ನೆಗಳು ಬಂದವು. 2013ರಲ್ಲಿ ಹೊರಬಂದ ಪಟ್ಟಿಯನ್ನು ನೋಡಿದವರಿಗೆ ಒಂದು ಅಂಶ ತಟ್ಟನೆ ತಿಳಿಯುತ್ತದೆ. ರೋಗಿಯು ಸಾಧ್ಯವಾದಷ್ಟು ಕಾಲ ಸ್ವಾವಲಂಬಿಯಾಗಿರಲು ಎಂತಹ ಆರೈಕೆ ಬೇಕು, ಬೇಗನೆ ರೋಗನಿದಾನವಾದರೆ ಏನು ಪ್ರಯೋಜನ, ಊಟ ಮತ್ತು ನೀರು ಸಾಕಷ್ಟು ಸಲ್ಲುವಂತೆ ಮಾಡುವುದು ಹೇಗೆ, ಆರೈಕೆ ಮಾಡುವವರಿಗೆ ಆಸರೆ ಯಾವುದು, ಅಂತ್ಯಕಾಲದ ಶುಶ್ರೂಷೆ ಹೇಗಿರಬೇಕು ಎಂಬಂತಹವೇ ಅಲ್ಲಿ ಮೇಲುಗೈ ಪಡೆದಿದ್ದವು. ಮರುವರ್ಷ ಪಾರ್ಕಿನ್ಸನ್ ರೋಗದ ಬಗೆಗೆ ಕೇಳಿದಾಗ ಮೊದಲ ಸ್ಥಾನ ಪಡೆದ ಪ್ರಶ್ನೆ, ತೋಲ ತಪ್ಪಿ ಬೀಳುವುದನ್ನು ತಡೆಯುವುದು ಹೇಗೆ ಎಂಬುದು. ನಡುಗುವ ಕೈ ನೋಡುವವರ ಕಣ್ಣಿಗೆ ಬೀಳುತ್ತದೆ. ಬೀಳುವ ಭಯ ಅನುಭವಿಸುವವನಿಗೆ ಮಾತ್ರ ಗೊತ್ತು.

ಆದರೆ ಇಂಗ್ಲೆಂಡಿನ ಪಟ್ಟಿಯನ್ನು ಅಂಕೋಲೆಗೆ ತಂದು ಅಂಟಿಸುವುದೂ ಒಂದು ಬಗೆಯ ಕೇಳದಿರುವಿಕೆಯೇ. 1998ರಲ್ಲಿ ಕೊಚ್ಚಿಯಲ್ಲಿ ಸೇರಿದ ಸಂಶೋಧಕರು ‘10/66’ ಎಂಬ ಹೆಸರಿನ ತಂಡವೊಂದನ್ನು ಕಟ್ಟಿದರು. ಡಿಮೆನ್ಷಿಯಾ ಪೀಡಿತರಲ್ಲಿ ಶೇಕಡಾ 66 ಮಂದಿ ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿದ್ದರೂ, ಜನಸಮುದಾಯಗಳ ನಡುವೆ ನಡೆದ ಸಂಶೋಧನೆಯಲ್ಲಿ ಶೇಕಡಾ ಹತ್ತರಷ್ಟೂ ಆ ದೇಶಗಳಲ್ಲಿ ನಡೆದಿಲ್ಲವೆಂಬ ಅನ್ಯಾಯವನ್ನು ಆ ಹೆಸರೇ ಸಾರುತ್ತದೆ.

ನೆರೆಯ ಜಿಲ್ಲೆಯ ಪಾಠ

ಕೇಳದೆ ನಡೆಯುವ ಸಂಶೋಧನೆ ಹೇಗಿರುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಘಟ್ಟದ ಮೇಲೆ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1970ರ ದಶಕದ ಮಧ್ಯದಲ್ಲಿ ವಿಚಿತ್ರ ರೋಗವೊಂದು ಗಮನಕ್ಕೆ ಬಂದಿತು. ಅದು ಮಿದುಳಿನದಲ್ಲ, ಮೂಳೆ ಮತ್ತು ಕೀಲುಗಳದು. ಸೊಂಟ, ಮೊಣಕಾಲುಗಳು ಸೆಟೆದು, ಜನರು ನಡೆಯಲಾರದೆ ಹೋದರು. ಪೀಡಿತರಲ್ಲಿ ಬಹುತೇಕರು ದಲಿತ ಕೃಷಿಕಾರ್ಮಿಕರು. ಗದ್ದೆಗೆ ಸಿಂಪಡಿಸಿದ ಕೀಟನಾಶಕವೇ ಕಾರಣವೆಂದು ಮೊದಲು ಶಂಕಿಸಲಾಯಿತು. ಮುಂದೆ ಸಂಶೋಧನೆಯು ಇದು ಆನುವಂಶಿಕವೆಂಬ ಅಭಿಪ್ರಾಯದತ್ತ ವಾಲಿತು. ದಶಕಗಳ ಕಾಲ ತಂಡಗಳು ಬಂದವು, ರಕ್ತದ ಮಾದರಿಗಳನ್ನು, ಎಕ್ಸ್‌ರೇ ಚಿತ್ರಗಳನ್ನು ಕೊಂಡೊಯ್ದವು. ರೋಗವನ್ನು ಗುಣಪಡಿಸುವ ಔಷಧ ಮಾತ್ರ ದೊರೆಯಲಿಲ್ಲ.

ಕಾರಣವನ್ನು ಹುಡುಕಿದ್ದು ತಪ್ಪೆಂದು ಯಾರೂ ಹೇಳಲಾಗದು. ಆದರೆ ಬಗ್ಗಿ ನಾಟಿ ಮಾಡಲಾರದ ಕೂಲಿಕಾರನಿಗೆ ಕಾರಣದೊಂದಿಗೆ ಜೀವನೋಪಾಯವೂ ಪ್ರಶ್ನೆಯೇ. ನಡೆಯಲು ಬೇಕಾದ ಸಾಧನವೂ, ಮಕ್ಕಳ ಭವಿಷ್ಯವೂ ಪ್ರಶ್ನೆಯೇ. ಯಾರ ದೇಹದಿಂದ ಉತ್ತರವನ್ನು ಪಡೆಯಬೇಕಾಗಿದೆಯೋ ಅವರಿಗೆ ಪ್ರಶ್ನೆಯನ್ನು ರೂಪಿಸುವಲ್ಲಿ ಪಾಲಿಲ್ಲವೆಂದರೆ, ಅಲ್ಲಿ ಮನುಷ್ಯನು ಕೇವಲ ಸಾಧನವಾಗುತ್ತಾನೆ. ಅಹಿಂಸೆಯ ಸೂಕ್ಷ್ಮವನ್ನು ಬಲ್ಲವರು ಇದನ್ನು ನಿರ್ಲಕ್ಷಿಸಲಾರರು.

ಈ ಕರಾವಳಿ ಏನನ್ನು ಕೇಳೀತು?

ಕಾರವಾರ, ಅಂಕೋಲಾ ತಾಲ್ಲೂಕುಗಳಲ್ಲಿ ಇಂತಹ ಒಂದು ಸಭೆ ಸೇರಿದರೆ ಯಾವ ಪ್ರಶ್ನೆಗಳು ಬರಬಹುದು? ಮೊದಲನೆಯದು ಭಾಷೆ. ಕಾರವಾರದ ಅನೇಕ ವೃದ್ಧರ ಮನೆಮಾತು ಕೊಂಕಣಿ. ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಕನ್ನಡಕ್ಕೆ ತನ್ನದೇ ಆದ ಬಗೆಯುಂಟು. ನೆನಪಿನ ಪರೀಕ್ಷೆಯು ಗ್ರಂಥಸ್ಥ ಕನ್ನಡದಲ್ಲಿ ನಡೆದರೆ ಅಳೆಯಲ್ಪಡುವುದು ನೆನಪೋ, ಭಾಷೆಯೋ?

ಎರಡನೆಯದು ಅಕ್ಷರ. ಪಾಶ್ಚಾತ್ಯ ದೇಶಗಳಿಂದ ಬಂದ ಪ್ರಚಲಿತ ಪರೀಕ್ಷೆಯೊಂದರಲ್ಲಿ ವಾಕ್ಯ ಬರೆಯಬೇಕು, ಆಕೃತಿಯನ್ನು ನೋಡಿ ಬಿಡಿಸಬೇಕು, ನೂರರಿಂದ ಏಳೇಳನ್ನು ಕಳೆಯುತ್ತ ಬರಬೇಕು. ಲೇಖನಿ ಹಿಡಿಯದ ಕೈಗೆ ಇದು ಅನ್ಯಾಯ. ಹರಿಯಾಣದ ಬಲ್ಲಭಗಢದಲ್ಲಿ 1990ರ ದಶಕದಲ್ಲಿ ಸಂಶೋಧಕರು ಅನಕ್ಷರಸ್ಥ ಹಿರಿಯರಿಗಾಗಿ ಹಿಂದಿಯಲ್ಲಿ ಬೇರೆಯೇ ಪರೀಕ್ಷೆಯನ್ನು ರೂಪಿಸಬೇಕಾಯಿತು. ಅಂಕೋಲಾ ತಾಲ್ಲೂಕು ಈ ವಿಷಯದಲ್ಲಿ ಎರಡು ಉಜ್ವಲ ಉದಾಹರಣೆಗಳನ್ನು ನಾಡಿಗೆ ನೀಡಿದೆ. ಬಡಿಗೇರಿಯ ಸುಕ್ರಿ ಬೊಮ್ಮಗೌಡ ಅವರು ಹಾಲಕ್ಕಿ ಸಮುದಾಯದ ಹಾಡುಗಳ ಅಪಾರ ಭಂಡಾರವನ್ನು ಕಂಠದಲ್ಲಿಯೇ ಹೊತ್ತಿದ್ದರು. 2017ರಲ್ಲಿ ಪದ್ಮಶ್ರೀ ಪಡೆದ ಅವರು 2025ರಲ್ಲಿ ತೀರಿಕೊಂಡರು. ಹೊನ್ನಳ್ಳಿಯ ತುಳಸಿ ಗೌಡ ಅವರು ಕಾಡಿನ ಮರಗಿಡಗಳ ಬೀಜ, ತಾಯಿಮರ, ಮೊಳೆಯುವ ಕಾಲಗಳನ್ನು ಅನುಭವದಿಂದಲೇ ಅರಿತಿದ್ದರು. 2020ರಲ್ಲಿ ಪದ್ಮಶ್ರೀಗೆ ಆಯ್ಕೆಯಾದ ಅವರು 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಇಬ್ಬರೂ ಶಾಲೆಯಲ್ಲಿ ಕಲಿತವರಲ್ಲ. ಇಬ್ಬರದೂ ಅಸಾಮಾನ್ಯವಾದ ಸ್ಮೃತಿ. ಸ್ಮೃತಿಯು ಅಕ್ಷರವನ್ನೇ ಆಶ್ರಯಿಸಿಲ್ಲವೆಂಬುದು ಶ್ರುತಪರಂಪರೆಯನ್ನು ಬಾಯಿಂದ ಬಾಯಿಗೆ ಕಾಪಾಡಿಕೊಂಡು ಬಂದ ಜೈನ ಸಂಘಕ್ಕೆ ಹೊಸದಾಗಿ ಹೇಳಬೇಕಾದ ಮಾತಲ್ಲ. ಹಾಡಿನಿಂದ, ಗಿಡಮರದ ಹೆಸರಿನಿಂದ, ಮೀನುಗಾರನ ಮನೆಯಲ್ಲಿ ಉಬ್ಬರವಿಳಿತದ ಲೆಕ್ಕದಿಂದ ನೆನಪಿನ ಆರೋಗ್ಯವನ್ನು ಅಳೆಯಲು ಸಾಧ್ಯವೇ ಎಂಬುದು ಈ ಕರಾವಳಿ ಕೇಳಬಲ್ಲ ಪ್ರಶ್ನೆ.

ಮೂರನೆಯದು ಆರೈಕೆಯ ಭಾರ. ಮಕ್ಕಳು ಗೋವೆಗೋ ಮುಂಬಯಿಗೋ ಕೊಲ್ಲಿ ದೇಶಗಳಿಗೋ ದುಡಿಯಲು ಹೋದ ಮನೆಗಳಲ್ಲಿ ಆರೈಕೆಯು ಒಬ್ಬ ಸ್ತ್ರೀಯ ತಲೆಯ ಮೇಲೆ ಬೀಳುತ್ತದೆ. ಹಲವು ಸಲ ಅವಳೂ ವೃದ್ಧೆಯೇ. ಅಮೆರಿಕದಲ್ಲಿ 2023ರಲ್ಲಿ ಪೂರ್ಣ ಅನುಮತಿ ಪಡೆದ ಲೆಕನೆಮ್ಯಾಬ್ ಎಂಬ ಔಷಧವು ಆರಂಭದ ಹಂತದ ಅಲ್ಝೈಮರ್ ರೋಗದ ಇಳಿಗತಿಯನ್ನು ತುಸು ನಿಧಾನಗೊಳಿಸುತ್ತದೆ, ರೋಗವನ್ನು ನಿಲ್ಲಿಸುವುದಿಲ್ಲ. ಅದನ್ನು ಆರಂಭದಲ್ಲಿ ಎರಡು ವಾರಕ್ಕೊಮ್ಮೆ ರಕ್ತನಾಳದ ಮೂಲಕ ಕೊಡಬೇಕು, ನಡುನಡುವೆ ಮಿದುಳಿನ ಎಂ.ಆರ್.ಐ. ಮಾಡಿಸಬೇಕು. ವಿಜ್ಞಾನದ ದೃಷ್ಟಿಯಿಂದ ಇದು ಸಾಧನೆ. ಆದರೆ ಕಾಳಿ ನದಿಯ ದಂಡೆಯ ಹಳ್ಳಿಯಲ್ಲಿ ಗಂಡನನ್ನು ಒಬ್ಬಳೇ ನೋಡಿಕೊಳ್ಳುವ ಎಪ್ಪತ್ತರ ಹೆಂಗಸಿಗೆ, ರಾತ್ರಿ ಅವನು ಬಾಗಿಲು ತೆರೆದು ಹೊಳೆಯತ್ತ ಹೋಗದಂತೆ ಹೇಗೆ ಕಾಯಲಿ ಎಂಬುದೇ ಮೊದಲ ಪ್ರಶ್ನೆಯಾದರೆ ಅದನ್ನು ಕ್ಷುಲ್ಲಕವೆನ್ನುವವರು ಯಾರು?

ಸಾಮಾನ್ಯ ಜನರಿಗೆ ವಿಜ್ಞಾನದಲ್ಲಿ ಆದ್ಯತೆ ಹೇಳುವ ಶಕ್ತಿಯೆಲ್ಲಿದೆ ಎಂಬ ಆಕ್ಷೇಪ ಸಹಜ. ಉತ್ತರ ಕನ್ನಡದ ಜನರು ಜಿಲ್ಲೆಗೆ ಸುಸಜ್ಜಿತ ಆಸ್ಪತ್ರೆ ಬೇಕೆಂದು 2019ರಲ್ಲಿಯೂ, ರೋಗಿಯನ್ನು ಹೊತ್ತ ಆಂಬುಲೆನ್ಸ್ ಅಪಘಾತಕ್ಕೀಡಾದ ಬಳಿಕ 2022ರಲ್ಲಿಯೂ ಒಕ್ಕೊರಲಿನಿಂದ ಕೇಳಿದರು. ಅದಕ್ಕೂ ಹಿಂದೆ, 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಮತ್ತು ಅನಂತರದ ಕರನಿರಾಕರಣೆಯಲ್ಲಿ ಅಂಕೋಲೆಯ ರೈತರು ತಮಗೆ ಯಾವುದು ಮುಖ್ಯವೆಂದು ತಾವೇ ನಿರ್ಧರಿಸಿ, ಅದರ ಬೆಲೆಯನ್ನೂ ತೆತ್ತರು. ತಮ್ಮ ನೋವಿನ ತಾರತಮ್ಯವನ್ನು ತಿಳಿಯಲು ಪದವಿ ಬೇಕಾಗಿಲ್ಲ. ಉತ್ತರವನ್ನು ಹುಡುಕುವ ವಿಧಾನವು ವಿಜ್ಞಾನಿಗೆ ಸೇರಿದ್ದು. ಯಾವ ಉತ್ತರಕ್ಕಾಗಿ ಬದುಕು ಕಾದಿದೆಯೆಂಬ ಅರಿವು ರೋಗಿಗೂ ಬಂಧುವಿಗೂ ಸೇರಿದ್ದು.

ಅನೇಕಾಂತದ ಅಳತೆಗೋಲು

ಇಲ್ಲಿ ಅನೇಕಾಂತವಾದವು ಕೇವಲ ಅಲಂಕಾರದ ಮಾತಾಗದೆ ಕೆಲಸಕ್ಕೆ ಬರುವ ಅಳತೆಗೋಲಾಗುತ್ತದೆ. ವಸ್ತುವು ಅನಂತಧರ್ಮಾತ್ಮಕ, ಒಂದೊಂದು ನಯವು ಅದರ ಒಂದೊಂದು ಮುಖವನ್ನು ಹಿಡಿಯುತ್ತದೆ. ತನ್ನ ಮುಖವನ್ನು ಹೇಳುತ್ತ ಉಳಿದವನ್ನು ನಿರಾಕರಿಸದಿದ್ದರೆ ಅದು ಸುನಯ, ನಿರಾಕರಿಸಿದರೆ ದುರ್ನಯ. ಕೋಶದೊಳಗಿನ ಪ್ರೋಟೀನನ್ನು ನೋಡುವ ವಿಜ್ಞಾನಿಯದು ಒಂದು ನಯ, ನಿದ್ದೆಗೆಟ್ಟ ಸೊಸೆಯದು ಇನ್ನೊಂದು ನಯ. ಪ್ರೋಟೀನಿನ ಪ್ರಶ್ನೆಯೊಂದೇ ಸಂಶೋಧನೆ ಎಂದರೆ ಅದು ದುರ್ನಯ. ಆರೈಕೆಯ ಪ್ರಶ್ನೆಯೊಂದೇ ಸಾಕು, ಮೂಲಕಾರಣದ ಹುಡುಕಾಟ ವ್ಯರ್ಥವೆಂದು ಜನರ ಸಭೆಯೇ ಹೇಳಿದರೂ ಅದೂ ದುರ್ನಯವೇ. ಏಕೆಂದರೆ ಇನ್ನೂ ರೋಗ ಬಾರದ ಮುಂದಿನ ಪೀಳಿಗೆಯವರು ಆ ಸಭೆಯಲ್ಲಿ ಕುಳಿತಿರುವುದಿಲ್ಲ. ಅನೇಕಾಂತವು ಎಲ್ಲರೂ ಹೇಳಿದ್ದೆಲ್ಲ ಸಮವೆಂದು ಸಾರುವುದಿಲ್ಲ. ಎಲ್ಲ ನಯಗಳನ್ನೂ ಕೇಳಿದ ಮೇಲೆಯೇ ಕ್ರಮವನ್ನು ನಿರ್ಧರಿಸಬೇಕೆಂದು ಅದು ಕಲಿಸುತ್ತದೆ.

ಕುರುಡರೂ ಆನೆಯೂ ಎಂಬ ದೃಷ್ಟಾಂತವು ಎಲ್ಲರಿಗೂ ಪರಿಚಿತ. ಕಾಲು ಮುಟ್ಟಿದವನು ಕಂಬವೆಂದ, ಕಿವಿ ಮುಟ್ಟಿದವನು ಮೊರವೆಂದ. ಆದರೆ ಆ ಕಥೆಯಲ್ಲಿ ಆನೆಗೆ ಮಾತಿಲ್ಲ. ಮರೆವಿನ ರೋಗದ ಚರ್ಚೆಯಲ್ಲಿಯೂ ಹಾಗೆಯೇ ಆಗುವ ಭಯವಿದೆ: ವೈದ್ಯರು ಮಾತನಾಡುತ್ತಾರೆ, ಬಂಧುಗಳು ಮಾತನಾಡುತ್ತಾರೆ, ರೋಗಿಯನ್ನು ಮಾತ್ರ ಯಾರೂ ಕೇಳುವುದಿಲ್ಲ. 2014ರಲ್ಲಿ ಸ್ಥಾಪನೆಯಾದ ಡಿಮೆನ್ಷಿಯಾ ಅಲೈಯನ್ಸ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆಯನ್ನು ಕಟ್ಟಿದವರೂ ಅದರ ಸದಸ್ಯರೂ ಆ ರೋಗವಿರುವವರೇ. ಆರಂಭದ ಹಂತದಲ್ಲಿ, ಎಷ್ಟೋ ವೇಳೆ ಮಧ್ಯದ ಹಂತದಲ್ಲಿಯೂ ರೋಗಿಯು ತನಗೆ ಯಾವುದು ಹಿತ, ಯಾವುದು ಅವಮಾನ ಎಂಬುದನ್ನು ಹೇಳಬಲ್ಲನು. ಮಾತು ನಿಂತ ಮೇಲೂ ಅವನ ಮುಖ, ಅವನ ಕೈ, ಅವನ ಅಂಜಿಕೆ ಹೇಳುತ್ತವೆ. ಜೀವದ ಲಕ್ಷಣವು ಉಪಯೋಗ, ಅಂದರೆ ಚೈತನ್ಯದ ಅರಿಯುವ ವ್ಯಾಪಾರ, ಎಂದು ತತ್ತ್ವಾರ್ಥಸೂತ್ರವು ನಿರ್ಣಯಿಸಿದೆ. ಸ್ಮೃತಿಯು ಮತಿಜ್ಞಾನದ ಒಂದು ಪರ್ಯಾಯ ಮಾತ್ರ. ಸ್ಮೃತಿ ಕುಂದಿದರೂ ಉಪಯೋಗವಿದೆ; ಉಪಯೋಗವಿರುವವರೆಗೆ ಆ ಜೀವಕ್ಕೆ ಕೇಳಿಸಿಕೊಳ್ಳಲ್ಪಡುವ ಹಕ್ಕಿದೆ.

ಇದೇ ಬೆಳಕಿನಲ್ಲಿ ರೋಗಿಯ ವ್ರತದ ಪ್ರಶ್ನೆಯನ್ನೂ ನೋಡಬೇಕು. ಸಾಮಾಯಿಕ ಮತ್ತು ಪ್ರೋಷಧೋಪವಾಸಗಳ ಅತಿಚಾರಗಳಲ್ಲಿ ‘ಸ್ಮೃತ್ಯನುಪಸ್ಥಾನ’ವನ್ನು, ಅಂದರೆ ಮಾಡಬೇಕಾದುದನ್ನು ಮರೆಯುವುದನ್ನು, ಉಮಾಸ್ವಾಮಿಗಳು ಎಣಿಸಿದ್ದಾರೆ. ಆ ಮರೆವು ಅನಾದರ, ಪ್ರಮಾದಗಳ ಜೊತೆಯಲ್ಲಿ ಬರುವ ಮರೆವು. ಹಿಂಸೆಯ ಲಕ್ಷಣವನ್ನು ಹೇಳುವಾಗಲೂ ಆಚಾರ್ಯರು ಪ್ರಮಾದಕ್ಕೇ ಪ್ರಾಧಾನ್ಯ ಕೊಟ್ಟರು. ಮಿದುಳಿನ ಕೋಶವೇ ಕ್ಷಯಿಸಿದಾಗ ಬರುವ ಮರೆವು ಪ್ರಮಾದವಲ್ಲ. ರಾತ್ರಿ ಹಸಿವೆಂದು ಅಳುವ ವೃದ್ಧೆಯನ್ನು ವ್ರತಭ್ರಷ್ಟೆಯೆಂದು ಗದರಿಸುವ ಅಧಿಕಾರ ಯಾರಿಗೂ ಇಲ್ಲ. ಅವಳಿಗೆ ಉಣಿಸಿದ ಸೊಸೆಯನ್ನು ಪಾಪಿಯೆಂದು ನೋಡುವ ಅಧಿಕಾರವೂ ಇಲ್ಲ. ರೋಗವು ಪೂರ್ವಕರ್ಮದ ಉದಯವೆಂದು ಹೇಳಿ ಕೈಕಟ್ಟಿ ಕೂರುವುದಂತೂ ಕರ್ಮಸಿದ್ಧಾಂತದ ದುರುಪಯೋಗ. ಅಸಾತಾವೇದನೀಯದ ಉದಯವು ನೋವನ್ನು ತಂದೀತು. ಆ ನೋವನ್ನು ಕಂಡವನ ಕರ್ತವ್ಯವನ್ನು ಅದು ರದ್ದುಮಾಡುವುದಿಲ್ಲ.

ಜೈನ ಮನೆಗಳು ಕೇಳಬೇಕಾದುದು

ರಾತ್ರಿಯ ಊಟದ ಪ್ರಶ್ನೆಯಂತೆ, ಜೈನ ಸಮಾಜವಲ್ಲದೆ ಬೇರೆಯವರು ಮುಂದಿಡಲಾರದ ಇನ್ನೂ ಕೆಲವು ಪ್ರಶ್ನೆಗಳಿವೆ. ಅವುಗಳಲ್ಲಿ ಒಂದು ಬೇಗನೆ ರೋಗವನ್ನು ಪತ್ತೆಮಾಡುವುದಕ್ಕೆ ಸಂಬಂಧಿಸಿದ್ದು. ಔಷಧವಿಲ್ಲದ ರೋಗವನ್ನು ಮುಂಚೆಯೇ ತಿಳಿದು ಫಲವೇನು ಎಂದು ಅನೇಕರು ಕೇಳುತ್ತಾರೆ. ಶ್ರಾವಕನಿಗೆ ಫಲವಿದೆ. ದಾನ, ಪರಿಗ್ರಹಪರಿಮಾಣ, ಕ್ಷಮಾಯಾಚನೆ, ವ್ರತಗಳ ಸ್ವೀಕಾರ ಇವೆಲ್ಲವೂ ವಿವೇಕವಿದ್ದಾಗ ಮಾಡಬೇಕಾದವು. ಸಮಂತಭದ್ರಾಚಾರ್ಯರು ವಿವರಿಸಿದ ಸಲ್ಲೇಖನೆಗಂತೂ ಜಾಗೃತವಾದ ಮನಸ್ಸೇ ಆಧಾರ. ಪ್ರಜ್ಞೆ ಮಸುಕಾದ ಮೇಲೆ ಅದರ ಮಾತೇ ಇಲ್ಲ. ಸಲ್ಲೇಖನೆಯ ಕುರಿತು 2015ರಲ್ಲಿ ರಾಜಸ್ಥಾನ ಉಚ್ಚ ನ್ಯಾಯಾಲಯವು ನೀಡಿದ ತೀರ್ಪಿಗೆ ಸರ್ವೋಚ್ಚ ನ್ಯಾಯಾಲಯವು ಅದೇ ತಿಂಗಳು ತಡೆ ನೀಡಿದಾಗ ಸಮಾಜವು ನೆಮ್ಮದಿಯ ಉಸಿರು ಬಿಟ್ಟಿತು. ಆದರೆ ಸ್ವಸ್ಥಮನಸ್ಸು ಉಳಿಯುವ ಅವಧಿಯ ಪ್ರಶ್ನೆಯನ್ನು ಅಂದು ಹೆಚ್ಚಿನವರು ಯೋಚಿಸಲಿಲ್ಲ. ಅಂತ್ಯಕಾಲದ ಚಿಕಿತ್ಸೆಯ ಬಗೆಗೆ ಮುಂಚಿತವಾಗಿ ಇಚ್ಛಾಪತ್ರ ಬರೆದಿಡುವುದನ್ನು ಸರ್ವ��ಚ್ಚ ನ್ಯಾಯಾಲಯವು 2018ರಲ್ಲಿ ಮಾನ್ಯ ಮಾಡಿ, 2023ರಲ್ಲಿ ಅದರ ಕ್ರಮವನ್ನು ಸರಳಗೊಳಿಸಿತು. 2025ರಲ್ಲಿ ಕರ್ನಾಟಕ ಸರಕಾರವೂ ಅದರ ಜಾರಿಗೆ ಆದೇಶ ಹೊರಡಿಸಿತು. ಅದಕ್ಕೂ ಬೇಕಾದದ್ದು ಸ್ವಸ್ಥಮನಸ್ಸೇ. ಆದುದರಿಂದ ರೋಗವನ್ನು ಎಷ್ಟು ಮುಂಚೆ, ಎಷ್ಟು ಸರಳವಾಗಿ, ಜಿಲ್ಲೆಯ ಆಸ್ಪತ್ರೆಯಲ್ಲಿಯೇ ಗುರುತಿಸಬಹುದು ಎಂಬುದು ಜೈನ ಕುಟುಂಬಗಳ ಪಾಲಿಗೆ ಪರಮಾರ್ಥದ ಪ್ರಶ್ನೆಯೂ ಹೌದು.

ಇನ್ನೊಂದು, ಪ್ರಾಣಿಗಳ ಮೇಲಿನ ಪ್ರಯೋಗ. ಈ ರೋಗದ ಸಂಶೋಧನೆಯಲ್ಲಿ ಮಾರ್ಪಡಿಸಿದ ವಂಶಧಾತುಗಳುಳ್ಳ ಇಲಿಗಳ ಬಳಕೆ ಹೇರಳ. ಇಲಿಗಳಲ್ಲಿ ಫಲಿಸಿದ ಔಷಧಗಳು ಮನುಷ್ಯರಲ್ಲಿ ವಿಫಲವಾದದ್ದೂ ಹೇರಳ. ಔಷಧಕ್ಕಾಗಿ ಹಿಂಸೆ ಸಲ್ಲದೆಂಬ ವಾದಕ್ಕೆ ಕನ್ನಡ ನಾಡಿನಲ್ಲಿ ಪ್ರಾಚೀನ ಪರಂಪರೆಯಿದೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಸಭೆಯಲ್ಲಿ ಉಗ್ರಾದಿತ್ಯಾಚಾರ್ಯರು ಮಾಂಸವು ಔಷಧಕ್ಕೆ ಅನಗತ್ಯವೆಂದು ಪ್ರತಿಪಾದಿಸಿದರು. ಅವರ ಕಲ್ಯಾಣಕಾರಕವು ಆ ನಿಷ್ಠೆಯಿಂದಲೇ ರಚಿತವಾದ ವೈದ್ಯಗ್ರಂಥ. 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಅದೇ ಮಾರ್ಗದಲ್ಲಿ ಕನ್ನಡದ ಕಲ್ಯಾಣಕಾರಕವನ್ನು ರಚಿಸಿದನು. ಯಾವ ಔಷಧವನ್ನು ಹುಡುಕಬೇಕು ಎಂಬುದು ಅಂದೂ ನೀತಿಯ ಪ್ರಶ್ನೆಯಾಗಿತ್ತು. ಇಂದಿನ ಶ್ರಾವಕನು ಸೇವಿಸುವ ಔಷಧಗಳ ಹಿಂದೆಯೂ ಪ್ರಾಣಿಪ್ರಯೋಗವಿದೆಯೆಂಬ ಸತ್ಯವನ್ನು ಮರೆಮಾಚಿ ಮಾತನಾಡುವುದು ಪ್ರಾಮಾಣಿಕವಲ್ಲ. ಆದರೆ ತನ್ನ ದಾನದ ಹಣವು ಮೊದಲು ಹಿಂಸೆಯಿಲ್ಲದ ಸಂಶೋಧನೆಗೆ, ಆಹಾರ, ನಿದ್ರೆ, ಸಂಗೀತ, ವ್ಯಾಯಾಮ, ಶುಶ್ರೂಷೆಯ ಕ್ರಮಗಳ ಅಧ್ಯಯನಕ್ಕೆ ಸಲ್ಲಲಿ ಎಂದು ಕೇಳುವುದು ನ್ಯಾಯವಾದದ್ದು. ಆ ಪ್ರಶ್ನೆಗಳೇ ರೋಗಿಗಳ ಪಟ್ಟಿಯಲ್ಲಿಯೂ ಮೇಲಿರುವುದು ಸಂತೋಷದ ವಿಷಯ.

ವಿಶ್ವಸ್ಥ ಮಂಡಳಿಗಳ ಹೊಣೆ

ಆರು ಅಂತರಂಗ ತಪಸ್ಸುಗಳಲ್ಲಿ ವೈಯಾವೃತ್ಯವೂ ಒಂದು. ಅದಕ್ಕೆ ಪಾತ್ರರಾದ ಹತ್ತು ಬಗೆಯವರಲ್ಲಿ ‘ಗ್ಲಾನ’ನು, ಅಂದರೆ ರೋಗಪೀಡಿತ ಮುನಿಯು, ಸೇರಿದ್ದಾನೆ. ಸಮಂತಭದ್ರರು ಶ್ರಾವಕನ ಶಿಕ್ಷಾವ್ರತವಾಗಿ ವೈಯಾವೃತ್ಯವನ್ನು ಹೇಳುವಾಗ ಆಹಾರ, ಔಷಧಗಳ ಜೊತೆಗೆ ಉಪಕರಣವನ್ನೂ ಆವಾಸವನ್ನೂ ಸೇರಿಸಿದರು. ಮೂಲದಲ್ಲಿ ಇದು ತಪೋಧನರನ್ನು ಕುರಿತದ್ದು. ಆದರೆ ಕರುಣಾದಾನಕ್ಕೆ ಪಾತ್ರಾಪಾತ್ರದ ಗಡಿಯಿಲ್ಲವೆಂದೂ ಪರಂಪರೆಯು ಒಪ್ಪಿದೆ. ಮರೆವಿನ ರೋಗಿಗೆ ಬೇಕಾದ ನಾಲ್ಕೂ ಇವೇ: ತಕ್ಕ ಆಹಾರ, ಔಷಧ, ನಡೆದಾಡಲು ಉಪಕರಣ, ಸುರಕ್ಷಿತ ಆವಾಸ. ಈ ಸೇವೆ ತಪಸ್ಸೆಂದ ಮೇಲೆ ಅದನ್ನು ಮನೆಯ ಮೂಲೆಯಲ್ಲಿ ಒಬ್ಬಳೇ ಮಾಡುತ್ತಿರುವ ಸ್ತ್ರೀಯನ್ನು ಸಮಾಜವು ತಪಸ್ವಿನಿಯಂತೆ ಕಾಣಬೇಕಲ್ಲವೇ?

ಕಾರವಾರ, ಅಂಕೋಲೆಗಳಲ್ಲಿ ಜೈನರ ಸಂಖ್ಯೆ ಅಲ್ಪ. ಆದರೆ ಗೇರುಸೊಪ್ಪೆ, ಹಾಡುವಳ್ಳಿ, ಭಟ್ಕಳಗಳ ಬಸದಿಗಳೂ ಸೋಂದೆಯ ಮಠವೂ ಇರುವ ಜಿಲ್ಲೆಯಿದು. ಇಲ್ಲಿಯ ಜನರ ಋಣ ಸಮಾಜದ ಮೇಲಿದೆ. ವಿಶ್ವಸ್ಥ ಮಂಡಳಿಗಳು ದೊಡ್ಡ ಪ್ರಯೋಗಾಲಯ ಕಟ್ಟಲಾರವು, ಕಟ್ಟಬೇಕಾಗಿಯೂ ಇಲ್ಲ. ಅವು ಸಭೆ ಕೂಡಿಸಬಲ್ಲವು. ಪರ್ಯೂಷಣದ ಬಳಿಕ ಒಂದು ದಿನ, ಜಾತಿಮತಗಳ ಎಣಿಕೆಯಿಲ್ಲದೆ, ಹಾಲಕ್ಕಿ ಅಜ್ಜಿಯನ್ನೂ ಮೀನುಗಾರರ ಮನೆಯ ಮಗಳನ್ನೂ ಜೈನ ಶ್ರಾವಿಕೆಯನ್ನೂ ವೈದ್ಯವಿದ್ಯಾಲಯದ ಅಧ್ಯಾಪಕರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ, ಈ ರೋಗದ ಬಗೆಗೆ ನಿಮಗೆ ಏನು ತಿಳಿಯಬೇಕಾಗಿದೆ ಎಂದು ಕೇಳಬಲ್ಲವು. ಬಂದ ಪ್ರಶ್ನೆಗಳನ್ನು ಕೊಂಕಣಿಯಲ್ಲಿ ಬಂದರೆ ಕೊಂಕಣಿಯಲ್ಲಿಯೇ, ಕನ್ನಡದಲ್ಲಿ ಬಂದರೆ ಕನ್ನಡದಲ್ಲಿಯೇ ಬರೆದು ಸಂಶೋಧನಾ ಸಂಸ್ಥೆಗಳಿಗೆ ತಲುಪಿಸಬಲ್ಲವು. ಔಷಧದಾನಕ್ಕೆಂದು ತೆಗೆದಿಟ್ಟ ಹಣದ ಒಂದು ಪಾಲನ್ನು ಆ ಪಟ್ಟಿಯ ಮೇಲಿನ ಪ್ರಶ್ನೆಗೇ ಮೀಸಲಿಡಬಲ್ಲವು. ಆ ದಿನ ಬರುವವರ ಮನೆಯ ರೋಗಿಯನ್ನು ನೋಡಿಕೊಳ್ಳಲು ಯುವಕ ಯುವತಿಯರನ್ನು ಕಳುಹಿಸುವುದನ್ನೂ ಮರೆಯಬಾರದು. ಇಲ್ಲದಿದ್ದರೆ ಕೇಳಬೇಕಾದವರೇ ಸಭೆಗೆ ಬರಲಾರರು.

ನಾಲ್ಕು ದಾನಗಳಲ್ಲಿ ಅಭಯದಾನವನ್ನು ಪ್ರಾಣರಕ್ಷಣೆಯೆಂದೇ ಸಾಮಾನ್ಯವಾಗಿ ಅರ್ಥೈಸುವುದುಂಟು. ತನ್ನ ಕಷ್ಟವನ್ನು ನಾಚಿಕೆಯಿಲ್ಲದೆ, ಅಂಜಿಕೆಯಿಲ್ಲದೆ ಹೇಳಿಕೊಳ್ಳುವ ಅವಕಾಶವೂ ಅಭಯವೇ. ‘ಅರಳು ಮರಳು’ ಎಂಬ ನಗೆಯ ಹಿಂದೆ ಮುಚ್ಚಿಹೋದ ಬಾಗಿಲುಗಳು ಈ ಕರಾವಳಿಯಲ್ಲಿ ಎಷ್ಟಿವೆಯೋ! ಉತ್ತರಗಳು ಬರಲು ವರ್ಷಗಳೇ ಬೇಕಾಗಬಹುದು. ಕೆಲವು ಬಾರದೆಯೂ ಹೋಗಬಹುದು. ಪ್ರಶ್ನೆಯನ್ನು ಕೇಳಿಸಿಕೊಳ್ಳುವುದಕ್ಕೆ ಮಾತ್ರ ಯಾವ ಪ್ರಯೋಗಾಲಯಕ್ಕೂ ಕಾಯಬೇಕಾಗಿಲ್ಲ.